ಸೇವೆಯೂ ಮುಯ್ಯಾಳಿನ ಹಾಗಿರಲಿ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಂಸ್ಥೆಯ ಸಿಸ್ಟರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಪ್ರೀತಿಯ ಅಕ್ಕತಂಗಿಯರೇ,

ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಮಕ್ಕಳಿಗೆ ತಿಂಡಿ ಮಾಡಿಟ್ಟು, ನಾಲ್ಕು ತಾಲ್ಲೂಕಿನಿಂದ ಬಸ್ಸು ಹತ್ತಿ ಬಂದಿದ್ದೀರಿ. ನಾಗಮಂಗಲದ ಕಡೆಯವರು ಇನ್ನೂ ಬೇಗ ಎದ್ದಿರಬೇಕು. ಆದ್ದರಿಂದ ಸುತ್ತಿ ಬಳಸದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿಮ್ಮಲ್ಲಿ ಹಲವರ ಊರಿಗೆ ರಜಾ ಸಮಯದಲ್ಲಿ ಪಟ್ಟಣದ ಚರ್ಚುಗಳ ಯುವಜನ ಸಂಘದವರು ಸೇವಾ ಶಿಬಿರಕ್ಕೆ ಬರುತ್ತಾರೆ. ಕಾಲೇಜು ಹುಡುಗ ಹುಡುಗಿಯರು. ಕೆಲವು ಕಡೆ ಎನ್.ಎಸ್.ಎಸ್. ಮಕ್ಕಳೂ ಬರುತ್ತಾರೆ. 1969ರಲ್ಲಿ ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷ ಎನ್.ಎಸ್.ಎಸ್. ಶುರುವಾಯಿತು. ಏಳು ದಿನ ಊರಿನಲ್ಲೇ ಉಳಿದು ದುಡಿಯುವ ಶಿಬಿರ ನಮ್ಮ ಹಳ್ಳಿಗಳಿಗೆ ಅವರಿಂದಲೇ ಚೆನ್ನಾಗಿ ಪರಿಚಯವಾಯಿತು. ಚರ್ಚಿನ ಯುವಕರ ಶಿಬಿರವೂ ಹೆಚ್ಚುಕಡಿಮೆ ಅದೇ ರೀತಿಯದು. ಬರುತ್ತಾರೆ, ಚರಂಡಿ ತೆಗೆಯುತ್ತಾರೆ, ಗೋಡೆಗೆ ಬಣ್ಣ ಹೊಡೆಯುತ್ತಾರೆ, ಸಂಜೆ ಹಾಡು, ಬೀದಿ ನಾಟಕ. ಏಳನೇ ದಿನ ಕೈಮುಗಿದು ಬಸ್ಸು ಹತ್ತುತ್ತಾರೆ.

ಬರುವವರ ಮನಸ್ಸು ಒಳ್ಳೆಯದೇ. ಆದರೆ ಮನಸ್ಸು ಒಳ್ಳೆಯದಾದ ಮಾತ್ರಕ್ಕೆ ಕೆಲಸವೂ ಒಳ್ಳೆಯದಾಗುತ್ತದೆಯೇ? ಈ ಪ್ರಶ್ನೆಗೆ ನಾನು ಉತ್ತರ ಕಲಿತದ್ದು ಓದಿದ ಪುಸ್ತಕದಿಂದ ಅಲ್ಲ, ಒಂದು ಸಂಘದ ಲೆಕ್ಕದ ಪುಸ್ತಕದಿಂದ.

ಲೆಕ್ಕದ ಪುಸ್ತಕ ಹೇಳಿದ್ದು

ಕೆಲವು ವರ್ಷಗಳ ಹಿಂದಿನ ಮಾತು. ಪಾಂಡವಪುರ ತಾಲ್ಲೂಕಿನ ನಾಲೆ ಬಯಲಿನಲ್ಲಿ ಒಂದು ಕಾಲೋನಿ. ಹೆಸರು ಬೇಡ. ಸುತ್ತ ನೋಡಿದರೆ ಕಬ್ಬು, ಭತ್ತ, ತೆಂಗು, ಎಲ್ಲಾ ಹಸಿರು. ಕಾಲೋನಿಯವರಿಗೆ ಮಾತ್ರ ಆ ಹಸಿರಿನಲ್ಲಿ ಒಂದು ಗುಂಟೆಯೂ ಇಲ್ಲ. ಕಳೆ ಕೀಳುವುದು, ಆಲೆಮನೆ ಕೆಲಸ, ಸಿಕ್ಕಿದ ದಿನ ಕೂಲಿ. ಅಲ್ಲಿಗೆ ಮೂವತ್ತು ಮಂದಿ ಯುವಜನರ ಶಿಬಿರವನ್ನು ಕರೆದುಕೊಂಡು ಹೋದವಳು ನಾನೇ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು, ಹತ್ತಾರು ಶಿಬಿರ ಮಾಡಿಸಿದವಳು ಎಂಬ ಧೈರ್ಯ ನನಗಿತ್ತು.

ಮಕ್ಕಳು ಕಷ್ಟಪಟ್ಟರು, ಸುಳ್ಳು ಹೇಳಬಾರದು. ಅಂಗೈಯೆಲ್ಲ ಬೊಬ್ಬೆ. ಚರಂಡಿಯ ಹೂಳು ಎತ್ತಿ ದಡಕ್ಕೆ ಹಾಕಿದರು. ಅಂಗನವಾಡಿ ಗೋಡೆಗೆ ಬಣ್ಣ ಬಳಿದು ಹೂವು, ಚಿಟ್ಟೆ, ಅಆಇಈ ಬರೆದರು. ಬಣ್ಣ ಕುಂಚಕ್ಕೆ ಅವರೇ ಚಂದಾ ಎತ್ತಿದ್ದು 11,000 ರೂಪಾಯಿ. ಕೊನೆಯ ದಿನ ಕಾಲೋನಿಯ ಹೆಂಗಸರೂ ಅತ್ತರು, ಹುಡುಗಿಯರೂ ಅತ್ತರು. ನಾನು ವರದಿಯಲ್ಲಿ 'ಶಿಬಿರ ಯಶಸ್ವಿ' ಎಂದು ಬರೆದೆ.

ಎರಡು ತಿಂಗಳಾದ ಮೇಲೆ ಸಂಘದ ಪುಸ್ತಕ ತಪಾಸಣೆಗೆ ಹೋದೆ. ಉಳಿತಾಯದ ಪುಟದಲ್ಲಿ ಒಂದು ಸಾಲು ಇತ್ತು: 'ಶಿಬಿರದ ಅಡುಗೆ ಬಾಬ್ತು 3,800'. ಇದೇನು ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ವಯಸ್ಸಾದ ಒಬ್ಬ ಅಮ್ಮ ಹೇಳಿದರು:

"ಸಿಸ್ಟರ್, ನೀವು ಅಕ್ಕಿ ಬೇಳೆ ಕೊಟ್ಟಿದ್ರಿ, ನಾಕ್ ದಿನಕ್ಕೆ ಆಯ್ತು. ಮನೆ ಬಾಗ್ಲಿಗೆ ಬಂದ್ ಮಕ್ಳು, ಹಸ್ಕೊಂಡ್ ಮಲಗ್ಸೋಕಾಯ್ತದಾ? ಸಂಘದ್ ದುಡ್ ಎತ್ತಿದ್ವಿ. ಅಡ್ಗೆಗೆ ಅಂತ ಒಂಬತ್ ಜನ ಆರ್ ದಿನ ಕೂಲಿಗೆ ಹೋಗ್ಲಿಲ್ಲ. ನಿಮ್ಗೆ ಹೇಳ್ದ್ರೆ ಬೇಜಾರ್ ಮಾಡ್ಕೋತೀರಿ ಅಂತ ಸುಮ್ನಿದ್ವಿ."

ಅಲ್ಲೇ ಕುಳಿತು ಲೆಕ್ಕ ಹಾಕಿದೆ. ಆಗಿನ ಕೂಲಿ ದಿನಕ್ಕೆ 300 ರೂಪಾಯಿ. ಒಂಬತ್ತು ಜನ, ಆರು ದಿನ ಅಂದರೆ 16,200. ಉಳಿತಾಯದಿಂದ ಎತ್ತಿದ್ದು 3,800. ಒಟ್ಟು 20,000 ರೂಪಾಯಿ. ಪಟ್ಟಣದ ಮಕ್ಕಳು ಕಾಲೋನಿಗೆ ಹಾಕಿದ ಹಣ 11,000, ಕಾಲೋನಿಯ ಹೆಂಗಸರು ಪಟ್ಟಣದ ಮಕ್ಕಳಿಗೆ ಹಾಕಿದ್ದು 20,000. ಯಾರು ಯಾರಿಗೆ ಸೇವೆ ಮಾಡಿದ ಹಾಗಾಯಿತು, ನೀವೇ ಹೇಳಿ!

ಇನ್ನು ಚರಂಡಿಯ ಕಥೆ. ದಡದಲ್ಲಿ ಗುಡ್ಡೆ ಹಾಕಿದ ಹೂಳನ್ನು ಸಾಗಿಸುವವರು ಇರಲಿಲ್ಲ. ಮೊದಲ ಮಳೆಗೇ ಅದೆಲ್ಲ ಮತ್ತೆ ಚರಂಡಿಗೆ ಇಳಿಯಿತು. ಹೆಂಗಸರು ಪಂಚಾಯಿತಿಗೆ ಹೋಗಿ ಕೇಳಿದರೆ, "ಮೊನ್ನೆ ತಾನೇ ನಿಮ್ಮ ಚರ್ಚಿನವರು ಮಾಡಿಕೊಟ್ಟರಲ್ಲ" ಎಂಬ ಉತ್ತರ ಬಂತಂತೆ. ನಾವು ಒಂದು ಕೆಲಸ ಮಾಡಿಕೊಟ್ಟು ಅವರ ಒಂದು ಹಕ್ಕು ಕಳೆದಿದ್ದೆವು.

ಆ ದಿನ ನಾನು ಬಸ್ಸಿನಲ್ಲಿ ಯಾರೊಂದಿಗೂ ಮಾತನಾಡದೆ ವಾಪಸ್ಸು ಬಂದೆ. ಆ 3,800 ರೂಪಾಯಿಯನ್ನು ಆಮೇಲೆ ಸಂಘಕ್ಕೆ ತುಂಬಿಕೊಟ್ಟೆವು. ಹೋದ ಕೂಲಿ ಮಾತ್ರ ಹೋದದ್ದೇ.

ಗಂಜಾಂನ ಪಾಠ

ಶ್ರೀರಂಗಪಟ್ಟಣದವರಿಗೆ ಗಂಜಾಂನ ಹಳೆಯ ಚರ್ಚು ಗೊತ್ತಿದೆ. ಅಬ್ಬೆ ದುಬ್ವಾ ಎಂಬ ಫ್ರಾನ್ಸ್ ದೇಶದ ಗುರುಗಳ ಹೆಸರಿನಿಂದಲೇ ಅದನ್ನು ಇಂದಿಗೂ ಗುರುತಿಸುತ್ತಾರೆ. ಹೊರಗಿನಿಂದ ಬಂದು ಸೇವೆ ಮಾಡುವುದು ನಮ್ಮ ಸೀಮೆಗೆ ಹೊಸತಲ್ಲ ಎಂಬುದಕ್ಕೆ ಅವರ ಕಥೆ ಹೇಳುತ್ತೇನೆ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸುಲ್ತಾನರು ಮಡಿದರು. ಯುದ್ಧದಿಂದ ನೊಂದಿದ್ದ ಆ ಊರಿಗೆ ಅಬ್ಬೆ ದುಬ್ವಾ ಬಂದರು. ಆಗ ಅವರಿಗೆ ಮೂವತ್ತು ದಾಟಿತ್ತು. ಏಳು ದಿನಕ್ಕೆ ಬಂದವರಲ್ಲ ಅವರು. ಇಲ್ಲಿನ ಬಟ್ಟೆ ತೊಟ್ಟರು, ಇಲ್ಲಿನ ಊಟ ಉಂಡರು, ಇಲ್ಲಿನ ಮಾತು ಕಲಿತರು. ಜನ ಅವರನ್ನು ದೊಡ್ಡ ಸ್ವಾಮಿಯೋರು ಎಂದು ಕರೆಯುತ್ತಿದ್ದರು. ನೆಲೆ ಇಲ್ಲದ ಜನರಿಗಾಗಿ ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಬೇಸಾಯದ ವಸತಿ ಕಟ್ಟಿದರು. 1823ರಲ್ಲಿ ತಮ್ಮ ದೇಶಕ್ಕೆ ಮರಳಿದರು, ಮತ್ತೆ ಬರಲಿಲ್ಲ.

ಅವರ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಸಿಡುಬಿನ ಲಸಿಕೆ. ನಮ್ಮ ಅಜ್ಜಿಯರು ಅದನ್ನು 'ಅಮ್ಮ' ಎಂದು ಭಯಭಕ್ತಿಯಿಂದ ಕರೆಯುತ್ತಿದ್ದ ಕಾಯಿಲೆ. ಮನೆಮನೆಯ ಮಕ್ಕಳನ್ನು ಕೊಂಡೊಯ್ಯುತ್ತಿತ್ತು. ಅದನ್ನು ತಡೆಯುವ ಲಸಿಕೆ ನಮ್ಮ ದೇಶದಲ್ಲಿ ಮೊದಲು ಫಲ ಕೊಟ್ಟದ್ದು 1802ರ ಜೂನ್‌ನಲ್ಲಿ, ಮುಂಬಯಿಯಲ್ಲಿ, ಮೂರು ವರ್ಷದ ಒಂದು ಹೆಣ್ಣುಮಗುವಿನ ತೋಳಿನಲ್ಲಿ. ಅದಾದ ಮೇಲೆ ಮೈಸೂರು ಸೀಮೆಯಲ್ಲಿ ಅಬ್ಬೆ ದುಬ್ವಾ ಮುಂದೆ ನಿಂತು 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು ಎಂದು ದಾಖಲೆ ಇದೆ.

ಆಗ ಫ್ರಿಜ್ ಇರಲಿಲ್ಲ, ಐಸ್ ಡಬ್ಬಿ ಇರಲಿಲ್ಲ. ಲಸಿಕೆ ಕೆಡದಂತೆ ಇಡುವುದು ಹೇಗೆ? ಒಬ್ಬರ ತೋಳಿಗೆ ಹಾಕಿದ ಲಸಿಕೆ ಸುಮಾರು ಎಂಟನೇ ದಿನಕ್ಕೆ ಗುಳ್ಳೆಯಾಗಿ ಬರುತ್ತಿತ್ತು. ಆ ಗುಳ್ಳೆಯ ರಸವನ್ನು ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು. ಅವರಿಂದ ಮತ್ತೊಬ್ಬರಿಗೆ. ಪಡೆದವರು ಕೊಡದೇ ಹೋದರೆ ಲಸಿಕೆ ಅಲ್ಲಿಗೇ ಸತ್ತುಹೋಗುತ್ತಿತ್ತು.

ಜನರೇನೂ ಸುಲಭವಾಗಿ ತೋಳು ಕೊಡಲಿಲ್ಲ. ಹೊರಗಿನವರ ಮದ್ದು ಎಂಬ ಅನುಮಾನ. ಆ ಅನುಮಾನ ಕಳೆಯುವುದರಲ್ಲಿ ಹೆಂಗಸರೂ ಇದ್ದರು. 1805ರ ಸುಮಾರಿಗೆ ಬರೆದ ಒಂದು ಚಿತ್ರವಿದೆ. ಅದರಲ್ಲಿ ಮೈಸೂರು ಅರಮನೆಯ ಎಳೆಯ ರಾಣಿ ದೇವಾಜಮ್ಮಣ್ಣಿ ಸೀರೆಯ ಸೆರಗು ಸರಿಸಿ, ಲಸಿಕೆ ಹಾಕಿದ ತೋಳನ್ನು ತೋರಿಸುತ್ತಿದ್ದಾರೆ ಎಂದು ಚರಿತ್ರೆ ಬಲ್ಲವರು ಗುರುತಿಸಿದ್ದಾರೆ. ದೊಡ್ಡ ಸ್ವಾಮಿಯೋರು ನೂರು ಮಾತು ಹೇಳಬಹುದು. ನಮ್ಮವಳೇ ಒಬ್ಬ ಹೆಣ್ಣುಮಗಳು "ನಾನು ಹಾಕಿಸಿಕೊಂಡಿದ್ದೇನೆ, ನೋಡಿ" ಎಂದು ತೋಳು ತೋರಿಸಿದರೆ ಅದರ ತೂಕವೇ ಬೇರೆ.

ಸಿಡುಬು ಈಗ ಲೋಕದಲ್ಲೇ ಇಲ್ಲ. ಅಳಿದುಹೋಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಾವು ಕಲಿಯಬೇಕಾದ್ದು ಇಷ್ಟು: ಹೊರಗಿನವರು ಒಳ್ಳೆಯದನ್ನು ತರಬಹುದು, ಆದರೆ ಅದು ಉಳಿಯಬೇಕಾದರೆ ಊರಿನವರ ಕೈಯಿಂದ ಕೈಗೆ ದಾಟಬೇಕು.

ಯಾರೂ ಬರಲಾಗದ ದಿನಗಳು

2020ರ ಮೇ ತಿಂಗಳು ಕೆ.ಆರ್. ಪೇಟೆಯವರಿಗೆ ಮರೆಯುವುದುಂಟೇ? ಹೋಟೆಲು, ಟ್ಯಾಕ್ಸಿ, ಅದು ಇದು ಎಂದು ಮುಂಬಯಿಗೆ ಹೋಗಿದ್ದ ನಿಮ್ಮ ಅಣ್ಣ ತಮ್ಮಂದಿರು, ಮಕ್ಕಳು ಕೊರೋನಾ ಕಾಲದಲ್ಲಿ ಊರಿಗೆ ಬಂದರು. ನಾಗಮಂಗಲದ ಕಡೆಗೂ ಬಂದರು. ದಿನಾ ಟಿ.ವಿ.ಯಲ್ಲಿ ಮಂಡ್ಯ ಜಿಲ್ಲೆಯ ಸಂಖ್ಯೆ ಏರುತ್ತಿತ್ತು. ಹಾಸ್ಟೆಲುಗಳಲ್ಲಿ ಕ್ವಾರಂಟೈನ್. ಸ್ವಂತ ಊರಿನವರೇ ಅವರನ್ನು ಕಂಡು ಬಾಗಿಲು ಹಾಕಿಕೊಂಡದ್ದೂ ಉಂಟು.

ಆ ದಿನಗಳಲ್ಲಿ ಯಾವ ಶಿಬಿರವೂ ಬರುವಂತಿರಲಿಲ್ಲ. ಬಸ್ಸೇ ಇರಲಿಲ್ಲ. ಆಗ ಮಾಸ್ಕು ಹೊಲಿದವರು ಸ್ವಸಹಾಯ ಸಂಘದ ಹೆಂಗಸರು. ಮನೆಮನೆ ತಿರುಗಿದವರು ಆಶಾ ಕಾರ್ಯಕರ್ತೆಯರು, ಅವರೂ ನಿಮ್ಮವರೇ. ನಿಜವಾದ ಕಷ್ಟ ಬಂದ ದಿನ ಊರಿನಲ್ಲಿ ಇರುವವರೇ ಊರಿಗೆ ಆಗುವುದು. ಹಾಗಾದರೆ ಹೊರಗಿನಿಂದ ಬರುವ ಮಕ್ಕಳ ಮೊದಲ ಕೆಲಸ ಯಾವುದು? ಊರಿನಲ್ಲಿ ಇರುವವರಿಗೆ ಬಲ ಕೊಡುವುದು. ಬಣ್ಣದ ಗೋಡೆ ಆಮೇಲೆ.

ಎರಡನೇ ಸಲ

ಗೃಹಲಕ್ಷ್ಮಿ ಯೋಜನೆ 2023ರಲ್ಲಿ ಶುರುವಾಯಿತಲ್ಲ, ಅದಾದ ಮೇಲೆ ಇನ್ನೊಂದು ಯುವಜನ ಸಂಘದವರು ಅದೇ ಕಾಲೋನಿಗೆ ಬರುತ್ತೇವೆ ಎಂದರು. ಈ ಸಲ ನಾನು ಹೂಂ ಅನ್ನಲಿಲ್ಲ. "ನಾನು ಯಾರು ಹೇಳೋಕೆ? ಸಂಘದ ಸಭೆಗೆ ಬಂದು ಕೇಳಿ" ಎಂದೆ. ಯುವಕರ ಕಡೆಯಿಂದ ಇಬ್ಬರು ಬಂದು ಚಾಪೆಯ ಮೇಲೆ ಕುಳಿತರು. "ನಾವು ನಿಮಗೆ ಏನು ಮಾಡಿಕೊಡಬೇಕು?" ಎಂದು ಕೇಳಿದರು.

ಹಿಂದೆ ನನಗೆ ಲೆಕ್ಕ ಹೇಳಿದ್ದ ಅದೇ ಅಮ್ಮ ಎಲೆ ಅಡಿಕೆ ಪಕ್ಕಕ್ಕಿಟ್ಟು, "ಮಾಡ್ಕೊಡೋದೆಲ್ಲ ಬ್ಯಾಡ ಕಣಪ್ಪ. ಮುಯ್ಯಾಳು ಬರ್ತೀರಾ ಹೇಳಿ" ಎಂದರು.

ಪಟ್ಟಣದ ಮಕ್ಕಳಿಗೆ ಮುಯ್ಯಾಳು ಅಂದರೆ ಅರ್ಥವಾಗಲಿಲ್ಲ. ನಿಮಗೆ ನಾನು ಹೇಳಬೇಕಾಗಿಲ್ಲ. ಇವತ್ತು ನನ್ನ ಗದ್ದೆ ನಾಟಿಗೆ ನೀನು ಬಾ, ನಾಳೆ ನಿನ್ನ ಗದ್ದೆಗೆ ನಾನು ಬರ್ತೀನಿ. ದುಡ್ಡಿಲ್ಲ, ಆದರೆ ಲೆಕ್ಕ ಇದೆ. ಕೊಡುವವರು ಮೇಲಲ್ಲ, ತೆಗೆದುಕೊಳ್ಳುವವರು ಕೆಳಗಲ್ಲ. ಇಬ್ಬರ ಕಾಲೂ ಒಂದೇ ಕೆಸರಿನಲ್ಲಿ. ಎನ್.ಎಸ್.ಎಸ್. ಧ್ಯೇಯವಾಕ್ಯ 'ನನಗಲ್ಲ, ನಿನಗೆ' ಎನ್ನುತ್ತದೆ. ಅದು ದೊಡ್ಡ ಮಾತೇ. ಆದರೆ ನಮ್ಮ ಮುಯ್ಯಾಳು 'ನನಗೂ, ನಿನಗೂ' ಎನ್ನುತ್ತದೆ. ನನಗೆ ಇದು ಇನ್ನೂ ಹತ್ತಿರ.

ಸಂಘದವರು ಕೆಲಸ ಹೇಳಿದರು. ಚರಂಡಿಯೂ ಬೇಡ, ಬಣ್ಣವೂ ಬೇಡ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದು ಹಣ ಬಾರದವರು ಹಲವರು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದವರು ಕೆಲವರು. ವಿಧವಾ ವೇತನ ನಿಂತುಹೋಗಿ ಯಾಕೆಂದೇ ತಿಳಿಯದ ಒಬ್ಬ ತಾಯಿ. "ನಮ್ ಪಕ್ಕ ಕೂತ್ಕೊಂಡು ಅರ್ಜಿ ಓದಿ ಹೇಳಿ, ಕಚೇರಿಗೆ ಜೊತೇಲಿ ಬನ್ನಿ. ಆದ್ರೆ ನೀವೇ ಮಾತಾಡ್ಬೇಡಿ, ನಾವ್ ಮಾತಾಡ್ತೀವಿ" ಎಂದರು.

ಊಟದ ವಿಚಾರ ಮೊದಲೇ ತೀರ್ಮಾನವಾಯಿತು. ಹನ್ನೆರಡು ಮಂದಿ, ಐದು ದಿನ, ದಿನಕ್ಕೆ ಎರಡು ಊಟ, ಊಟಕ್ಕೆ 70 ರೂಪಾಯಿ. ಒಟ್ಟು 8,400 ರೂಪಾಯಿಯನ್ನು ಯುವಜನ ಸಂಘ ಮುಂಗಡವಾಗಿ ಕೊಟ್ಟಿತು. ಸಾಮಾನಿನ ಖರ್ಚು, ಅಡುಗೆ ಮಾಡಿದ ಇಬ್ಬರ ಕೂಲಿ ಎಲ್ಲಾ ಕಳೆದು ಸಂಘಕ್ಕೆ 900 ರೂಪಾಯಿ ಉಳಿಯಿತು. ಉಳಿದ ಹೆಂಗಸರು ಎಂದಿನಂತೆ ಕೂಲಿಗೆ ಹೋದರು. ಅರ್ಜಿ ಕೆಲಸ ಸಂಜೆ ಮೇಲೆ.

ವಿಧವಾ ವೇತನದ ತಾಯಿಯ ಜೊತೆ ಬಿ.ಕಾಂ. ಓದುವ ಒಬ್ಬ ಹುಡುಗಿ ಕುಳಿತಳು. ಶಿಬಿರ ಮುಗಿದರೂ ಕೆಲಸ ಮುಗಿದಿರಲಿಲ್ಲ. ಅವಳು ಇನ್ನೂ ಎರಡು ಸಲ ಬಸ್ಸು ಹತ್ತಿ ಬಂದು ನಾಡಕಚೇರಿಗೆ ಜೊತೆಯಲ್ಲಿ ಹೋದಳು. ಮೂರನೇ ಸಲಕ್ಕೆ ತೊಡಕು ಬಿಡಿಸಿತು, ವೇತನ ಮತ್ತೆ ಬಂತು. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದು ನಡೆಯಿತು. ಕಾಲೋನಿಯದೇ ಪಿ.ಯು.ಸಿ. ಹುಡುಗಿಯೊಬ್ಬಳು ದಿನಾ ಸಂಜೆ ಅವರ ಪಕ್ಕ ಕುಳಿತು ನೋಡುತ್ತಿದ್ದಳು. ಯಾವ ಅರ್ಜಿಗೆ ಯಾವ ಕಾಗದ, ಯಾವ ಕಚೇರಿ, ಯಾವ ಸಂಖ್ಯೆ ಬರೆದಿಟ್ಟುಕೊಳ್ಳಬೇಕು ಎಲ್ಲಾ ಕಲಿತಳು. ಈಗ ಕಾಲೋನಿಯಲ್ಲಿ ಯಾರಿಗೆ ಅರ್ಜಿ ತೊಂದರೆ ಬಂದರೂ ಅವಳ ಮನೆ ಬಾಗಿಲಿಗೆ ಹೋಗುತ್ತಾರೆ. ಒಂದು ತೋಳಿನಿಂದ ಇನ್ನೊಂದು ತೋಳಿಗೆ ಎಂದೆನಲ್ಲ, ಇದೇ ಅದು.

ಚರಂಡಿ ಏನಾಯಿತು ಎಂದು ಕೇಳುತ್ತೀರಿ. ಮಕ್ಕಳು ಅರ್ಜಿ ಬರೆಯುವುದಕ್ಕೆ ನೆರವಾದರು, ಹೆಂಗಸರು ಸಹಿ ಹಾಕಿ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದರು. ಎರಡು ಗ್ರಾಮಸಭೆ ಬೇಕಾಯಿತು. ಈಗ ಅರ್ಧ ಆಗಿದೆ. ಇನ್ನರ್ಧಕ್ಕೆ ಕೇಳುತ್ತಲೇ ಇದ್ದಾರೆ.

ಮುಯ್ಯಿ ತೀರಿಸುವುದು ಬೇಡವೇ? ಸಂಘದ ನಾಲ್ಕು ಜನ ಆ ಯುವಕರ ಚರ್ಚಿಗೆ ಒಂದು ಭಾನುವಾರ ಹೋದರು. ಆ ಯುವಜನ ಸಂಘದ ಲೆಕ್ಕ ಯಾವತ್ತೂ ಸರಿಯಾಗಿರಲಿಲ್ಲವಂತೆ! ನಡಾವಳಿ ಬರೆಯುವುದು, ರಸೀದಿ ಅಂಟಿಸುವುದು, ತಿಂಗಳ ಕೊನೆಗೆ ಲೆಕ್ಕ ತಾಳೆ ನೋಡುವುದು, ಇದನ್ನು ಏಳನೇ ತರಗತಿ ಓದಿದ ನಮ್ಮ ಪ್ರತಿನಿಧಿ ಡಿಗ್ರಿ ಮಕ್ಕಳಿಗೆ ಹೇಳಿಕೊಟ್ಟರು. ಆ ದಿನ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಯಾವ ವರದಿಯಲ್ಲೂ ಬರೆಯಲಾರೆ.

ಶಿಬಿರ ಬರುವ ಮೊದಲು

ಮುಂದಿನ ರಜೆಯ ಶಿಬಿರಗಳಿಗೆ ಊರುಗಳ ಪಟ್ಟಿ ಮಾಡಬೇಕಾಗಿದೆ. ನಿಮ್ಮ ಊರಿಗೂ ಕೇಳಿಕೊಂಡು ಬರುತ್ತಾರೆ. ಅದಕ್ಕೆ ಮೊದಲು ಸಂಘದ ಸಭೆಯಲ್ಲಿ ಈ ಐದು ವಿಷಯ ಇಟ್ಟು ಚರ್ಚೆ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ.

1. ಕೆಲಸ ಯಾವುದೆಂದು ನೀವು ಹೇಳಬೇಕು. ಬರುವವರು ಮೊದಲು ಒಂದು ಸಲ ಬಂದು ನಿಮ್ಮ ಜೊತೆ ಕುಳಿತು ಕೇಳಿಕೊಳ್ಳಲಿ. ಬೇಡ ಎನ್ನುವ ಹಕ್ಕೂ ನಿಮಗಿದೆ. ಸಿಸ್ಟರ್ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಹೂಂ ಅನ್ನಬೇಡಿ.

2. ನಿಮ್ಮ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಡುಗೆ, ನೀರು, ಜಾಗ, ತಪ್ಪಿದ ಕೂಲಿ ಎಲ್ಲಾ. ಸಂಘದ ಉಳಿತಾಯ ನಿಮ್ಮ ಮಕ್ಕಳ ಫೀಸಿಗೆ, ಔಷಧಿಗೆ ಇರುವ ಹಣ. ಅದರಿಂದ ಅತಿಥಿ ಸತ್ಕಾರ ಬೇಡ.

3. ಪಂಚಾಯಿತಿ ಮಾಡಬೇಕಾದ ಕೆಲಸವನ್ನು ಶಿಬಿರದವರ ತಲೆಗೆ ಕಟ್ಟಬೇಡಿ. ಅರ್ಜಿ ಬರೆಯಲು, ಗ್ರಾಮಸಭೆಗೆ ತಯಾರಾಗಲು ಅವರ ನೆರವು ಪಡೆಯಿರಿ.

4. ಮರ್ಯಾದೆಯ ಗೆರೆ ಇರಲಿ. ಕೇಳದೆ ಫೋಟೋ ತೆಗೆಯಬಾರದು, ಮಕ್ಕಳ ಫೋಟೋವನ್ನಂತೂ ತಾಯಿತಂದೆ ಒಪ್ಪದೆ ತೆಗೆಯಲೇಬಾರದು. ಒಂಟಿ ಮಗುವನ್ನು ಹೊರಗಿನವರ ಜೊತೆ ಕೋಣೆಯಲ್ಲಿ ಬಿಡಬಾರದು. ಜಾತಿ ಕೇಳಬಾರದು, ಮತದ ಮಾತು ಎತ್ತಬಾರದು. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಹೆಚ್ಚಿನವರು ಚರ್ಚಿಗೆ ಹೋಗುವವರಲ್ಲ, ನಿಮ್ಮ ದೇವರು ನಿಮಗೆ ಇದ್ದಾರೆ. ಸೇವೆಗೆ ಬಂದವರು ಸೇವೆ ಮಾಡಲಿ. ಗೆರೆ ದಾಟಿದರೆ ನನಗೆ ತಿಳಿಸಿ, ಶಿಬಿರವನ್ನು ಅಲ್ಲಿಗೇ ನಿಲ್ಲಿಸುವ ಜವಾಬ್ದಾರಿ ನನ್ನದು.

5. ಪ್ರತಿ ಕೆಲಸದ ಪಕ್ಕದಲ್ಲಿ ನಿಮ್ಮ ಊರಿನ ಒಬ್ಬ ಹುಡುಗಿ ಅಥವಾ ಹುಡುಗ ಕುಳಿತು ಕಲಿಯಲಿ. ಶಿಬಿರದವರು ಮತ್ತೆ ಬರುವ ತಾರೀಖನ್ನು ಬಸ್ಸು ಹತ್ತುವ ಮೊದಲೇ ಬರೆಸಿಕೊಳ್ಳಿ.

ಅಕ್ಕತಂಗಿಯರೇ, ಬರುವ ಮಕ್ಕಳನ್ನು ಅನುಮಾನದಿಂದ ನೋಡಿ ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಎಷ್ಟೋ ಮಂದಿ ಮೊದಲ ಸಲ ಬಡವರ ಮನೆಯ ಹೊಸಿಲು ದಾಟುವವರು. ನಿಮ್ಮ ಮನೆಯ ಒಂದು ಸಂಜೆ ಅವರ ಬದುಕನ್ನೇ ತಿದ್ದಬಹುದು. ಅದಕ್ಕೇ ಅವರಿಗೆ ನೀವು ನಿಜ ಹೇಳಬೇಕು. ನಿಜ ಮರೆಮಾಚಿ ಹೊಟ್ಟೆ ತುಂಬಾ ಊಟ ಹಾಕಿ ಕಳಿಸಿದರೆ, ತಾವು ಕೊಟ್ಟೆವು ಎಂದುಕೊಂಡು ಹೋಗುತ್ತಾರೆ, ಪಡೆದದ್ದು ಅವರಿಗೆ ತಿಳಿಯುವುದೇ ಇಲ್ಲ.

ಆ ಅಂಗನವಾಡಿಯ ಚಿಟ್ಟೆ ಈಗ ಮಳೆಗೆ ಅರ್ಧ ಅಳಿಸಿದೆ. ಪಕ್ಕದಲ್ಲೇ ಆ ಪಿ.ಯು.ಸಿ. ಹುಡುಗಿಯ ಮನೆ. ಜಗಲಿಯ ಮೇಲೆ ಯಾರಾದರೊಬ್ಬರು ಕಾಗದ ಹಿಡಿದು ಕುಳಿತಿರುತ್ತಾರೆ. ಶಿಬಿರ ಹೇಗಾಯಿತು ಎಂದು ಈಗ ಯಾರಾದರೂ ಕೇಳಿದರೆ ನಾನು ಆ ಜಗಲಿ ತೋರಿಸುತ್ತೇನೆ.

ಕೊನೆಯ ಬಸ್ಸು ತಪ್ಪಿಸಿಕೊಳ್ಳಬೇಡಿ, ಊಟ ಮಾಡಿಯೇ ಹೊರಡಿ. ಇವತ್ತಿನ ಅಡುಗೆಯ ಲೆಕ್ಕ ಸಂಸ್ಥೆಯದು!